ಒಂದು ಗೇಣಿನ ಲೆಕ್ಕ: ಬುಲ್‌ಪಪ್ ಕೋವಿಯ ವಿನ್ಯಾಸವನ್ನು ಓದುವುದು ಹೇಗೆ

ನಮ್ಮ ಅಜ್ಜನ ಬಳಿ ಒಂಟಿ ನಳಿಗೆಯ ತೋಟಾ ಕೋವಿಯಿತ್ತು. ಕೊಪ್ಪದ ಕಡೆಯ ಹಳೆಯ ಮನೆ. ಬಾಗಿಲುಗಳೆಲ್ಲ ತಲೆ ತಗ್ಗಿಸಿ ದಾಟಬೇಕಾದಂಥವು. ಗದ್ದೆಗೆ ಹಂದಿ ಬಿದ್ದ ರಾತ್ರಿ ಅಜ್ಜ ಒಳಕೋಣೆಯಿಂದ ಕೋವಿ ಹಿಡಿದು ಹೊರಟರೆ ಮೊದಲು ನಳಿಗೆಯ ತುದಿ ದಾರಂದಕ್ಕೆ ಠಕ್ಕೆಂದು ಬಡಿಯುತ್ತಿತ್ತು, ಆಮೇಲೆ ಅಜ್ಜನ ಬೈಗುಳ, ಅದಾದ ಮೇಲೆ ನಾಯಿ. ಅಷ್ಟರಲ್ಲಿ ಹಂದಿ ಹಳ್ಳ ದಾಟಿರುತ್ತಿತ್ತು.

ಸೈನಿಕನ ಕಷ್ಟವೂ ಇದೇ. ಕವಚವಾಹನದ ಬಾಗಿಲು, ಹೆಲಿಕಾಪ್ಟರಿನ ಹೊಟ್ಟೆ, ಪಟ್ಟಣದ ಮನೆಯ ಮೆಟ್ಟಿಲು, ಎಲ್ಲೆಡೆಯೂ ಉದ್ದದ ಕೋವಿ ಅಡ್ಡ ಬರುತ್ತದೆ. ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡೋಣವೆಂದರೆ ಗುಂಡಿನ ವೇಗ ಇಳಿಯುತ್ತದೆ. ನಳಿಗೆ ಉದ್ದವೇ ಇರಲಿ, ಕೋವಿ ಮಾತ್ರ ಗಿಡ್ಡವಾಗಲಿ ಎಂಬ ಹಟದಿಂದ ಹುಟ್ಟಿದ್ದು ಬುಲ್‌ಪಪ್. ಇದರಲ್ಲಿ ಮ್ಯಾಗಜೀನು, ಅಂದರೆ ತೋಟಾ ತುಂಬಿಡುವ ಪೆಟ್ಟಿಗೆ, ಮತ್ತು ಯಂತ್ರಭಾಗ ಎರಡೂ ಕುದುರೆಯ (ಬೆರಳಿನಿಂದ ಎಳೆಯುವ ಟ್ರಿಗರ್) ಹಿಂದಕ್ಕೆ, ಕೆನ್ನೆಯ ಅಡಿಗೆ ಸರಿದಿರುತ್ತವೆ.

ನಾನು ಸೈನಿಕನಲ್ಲ. ಪೀಣ್ಯದಲ್ಲಿ ಇಪ್ಪತ್ತಾರು ವರ್ಷ ಕೈಡ್ರಿಲ್, ಗ್ರೈಂಡರ್‌ಗಳ ಹಿಡಿಕೆಯ ನಕ್ಷೆ ಬರೆದವನು. ಕೈ ಎಲ್ಲಿ ಕೂರುತ್ತದೆ, ಬೆರಳು ಎಲ್ಲಿಗೆ ಎಟುಕುತ್ತದೆ, ಭಾರ ಯಾವ ಕಡೆ ವಾಲುತ್ತದೆ, ಇದೇ ನನ್ನ ಅನ್ನ. ಜೊತೆಗೆ ನಾನು ಎಡಚ. ಆ ಸಂಗತಿ ಮುಂದೆ ಬರುತ್ತದೆ. ಗಣರಾಜ್ಯೋತ್ಸವದ ದಿನ ಟಿವಿಯಲ್ಲಿ ಕಮಾಂಡೊಗಳ ಕೈಯಲ್ಲಿ ಇಸ್ರೇಲಿನ ಟಾವೊರ್ ಕಂಡು, ವಿನ್ಯಾಸ ಓದುತ್ತಿರುವ ನನ್ನ ತಂಗಿಯ ಮಗ ಕೇಳಿದ: "ಮಾಮ, ಇದಕ್ಕೆ ಮ್ಯಾಗಜೀನು ಹಿಂದೆ ಯಾಕಿದೆ?" ಅವನಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಕೋವಿ ತಯಾರಿಸುವ ವಿಧಾನವಲ್ಲ; ಆ ದಾರಿಯ ಕೊನೆಯಲ್ಲಿ ಜೈಲಿದೆ. ಬೇಕಾಗುವುದು ಅಳತೆಪಟ್ಟಿ, ಪೆನ್ಸಿಲು, ಒಂದಿಷ್ಟು ರಟ್ಟು, ಅಕ್ಕಿ.

ಮೊದಲು ಪಕ್ಕದಿಂದ ನೇರವಾಗಿ ತೆಗೆದ ಚಿತ್ರವೊಂದನ್ನು ಹುಡುಕಿ ಮುದ್ರಿಸಿಕೊಳ್ಳಿ. ಓರೆಯಾಗಿ ತೆಗೆದದ್ದು ಬೇಡ, ಅಳತೆ ಸುಳ್ಳಾಗುತ್ತದೆ. ಶುರುವಿಗೆ ಆಸ್ಟ್ರಿಯಾದ ಸ್ಟೈರ್ ಎಯುಜಿಯನ್ನೇ ಹಿಡಿಯಿರಿ. ಆಸ್ಟ್ರಿಯಾದ ಸೇನೆ ಇದನ್ನು 1977ರಲ್ಲಿ ಒಪ್ಪಿಕೊಂಡಿತು, ಈ ಜಾತಿಯಲ್ಲಿ ಇದಕ್ಕಿಂತ ಸ್ವಚ್ಛವಾದ ರೇಖೆ ನಾನು ಕಂಡಿಲ್ಲ. ಚಿತ್ರದ ಮೇಲೆ ಮೂರು ಚುಕ್ಕೆ ಇಡಿ. ಬೆರಳು ಕುದುರೆಯನ್ನು ಮುಟ್ಟುವ ಜಾಗಕ್ಕೊಂದು, ಕೆನ್ನೆ ಒರಗುವ ಜಾಗಕ್ಕೊಂದು, ಹೆಗಲಿಗೆ ತಾಗುವ ಹಿಂಬದಿಯ ತುದಿಗೊಂದು. ಬೆರಳಿನಿಂದ ಹೆಗಲಿಗಿರುವ ದೂರವನ್ನು ಮನುಷ್ಯನ ತೋಳು ನಿರ್ಧರಿಸುತ್ತದೆ, ವಿನ್ಯಾಸಕಾರ ಅಲ್ಲಿ ಹೆಚ್ಚು ಆಟ ಆಡಲಾರ. ಅಜ್ಜನ ಕೋವಿಯಲ್ಲಿ ಆ ಜಾಗದಲ್ಲಿದ್ದದ್ದು ಬರೀ ಮರದ ಹಿಡಿ. ಬುಲ್‌ಪಪ್ ಮಾಡುವವರು ಖಾಲಿ ಬಿದ್ದಿದ್ದ ಆ ಹಿತ್ತಿಲ ಕೋಣೆಗೆ ಯಂತ್ರವನ್ನು ಒಕ್ಕಲು ತಂದರು.

ಈಗ ಒಂದು ಸಣ್ಣ ಗಣಿತ. ನಳಿಗೆಯ ಉದ್ದವನ್ನು ಕೋವಿಯ ಒಟ್ಟು ಉದ್ದದಿಂದ ಭಾಗಿಸಿ. ಎಯುಜಿಯ ನಳಿಗೆ 508 ಮಿಲಿಮೀಟರ್, ಒಟ್ಟು 790. ಅಂದರೆ ನೂರಕ್ಕೆ 64. ಅಮೆರಿಕದ ಮಾಮೂಲಿ ಆಕಾರದ ಕೋವಿ ಎಂ16ಎ1ಗೂ ನಳಿಗೆ ಅಷ್ಟೇ, 508. ಆದರೆ ಒಟ್ಟು ಉದ್ದ 986, ನೂರಕ್ಕೆ 52 ಕೂಡ ಇಲ್ಲ. ಎರಡರ ನಡುವಿನ ವ್ಯತ್ಯಾಸ 196 ಮಿಲಿಮೀಟರ್. ಬೆರಳು ಅಗಲಿಸಿ ಮೇಜಿನ ಮೇಲಿಟ್ಟರೆ ನನ್ನ ಗೇಣು 210 ಬರುತ್ತದೆ. ಗೇಣಿಗೆ ತುಸು ಕಡಿಮೆ ಎನ್ನೋಣ. ಬುಲ್‌ಪಪ್ಪಿನ ಇಡೀ ಇತಿಹಾಸ ಈ ಒಂದು ಗೇಣನ್ನು ಗೆದ್ದದ್ದರ ಮತ್ತು ಅದಕ್ಕಾಗಿ ತೆತ್ತದ್ದರ ಕಥೆ. ಗೆದ್ದದ್ದು ಚಿತ್ರದಲ್ಲಿ ಕೂಡಲೇ ಕಾಣುತ್ತದೆ. ತೆತ್ತದ್ದನ್ನು ಹುಡುಕಬೇಕು.

ಹುಡುಕಾಟ ಬೆರಳಿನಿಂದಲೇ ಶುರುವಾಗಲಿ. ಕುದುರೆ ಮುಂದಿದೆ, ತೋಟಾವನ್ನು ಬಡಿಯುವ ಸುತ್ತಿಗೆ ಮ್ಯಾಗಜೀನಿನ ಹಿಂದಿದೆ. ನಡುವೆ ಉದ್ದನೆಯ ಕಡ್ಡಿಯೊಂದು ಸುದ್ದಿ ಒಯ್ಯಬೇಕು. ಹಳೆಯ ಸೈಕಲ್ಲಿನ ಬ್ರೇಕ್ ಕಡ್ಡಿಯನ್ನು ನೆನೆಸಿಕೊಳ್ಳಿ: ಹಿಡಿಕೆ ಒತ್ತಿದ್ದಕ್ಕೂ ಚಕ್ರ ಹಿಡಿದದ್ದಕ್ಕೂ ನಡುವೆ ಒಂದು ಸಡಿಲು. ಬುಲ್‌ಪಪ್ ಹಿಡಿದವರು ಕುದುರೆ ಮೆತ್ತಗಿದೆ, ಯಾವಾಗ ಗುಂಡು ಹಾರುತ್ತದೆಂದು ತಿಳಿಯುವುದಿಲ್ಲ ಎಂದು ಗೊಣಗುವುದು ಇದಕ್ಕೇ. ಎಯುಜಿಯಲ್ಲಿ ಈ ಕುದುರೆಗೆ ಇನ್ನೊಂದು ಕೆಲಸವನ್ನೂ ಹಚ್ಚಿದ್ದಾರೆ. ಅರ್ಧ ಎಳೆದರೆ ಒಂದು ಗುಂಡು, ಪೂರ್ತಿ ಎಳೆದರೆ ಸುರಿಮಳೆ. ಪ್ರತ್ಯೇಕ ಗುಂಡಿಯೊಂದರ ಖರ್ಚು ಉಳಿಯಿತು. ಆದರೆ ಹೆದರಿದ ಬೆರಳು ಅರ್ಧಕ್ಕೆ ನಿಲ್ಲುತ್ತದೆಯೇ ಎಂದು ಹಿಡಿಕೆ ಬರೆದವನಾಗಿ ನನಗೆ ಅನುಮಾನ.

ಸುರಕ್ಷೆಯ ಗುಂಡಿ ಎಲ್ಲಿದೆ ಎಂದೂ ನೋಡಿ. ಚೀನಾದ ಕ್ಯೂಬಿಝಡ್-95ರಲ್ಲಿ ಅದನ್ನು ಹಿಂದೆ, ಹೆಗಲಿನ ಬಳಿ ಇಟ್ಟಿದ್ದರು. 1997ರಲ್ಲಿ ಹಾಂಗ್‌ಕಾಂಗ್ ಹಸ್ತಾಂತರದ ಹೊತ್ತಿಗೆ ಜಗತ್ತು ಮೊದಲು ಸರಿಯಾಗಿ ಕಂಡ ಕೋವಿ ಅದು, ನೋಟಕ್ಕೆ ಚೆನ್ನ. ಆದರೆ ಗುಂಡಿ ಮುಟ್ಟಬೇಕಾದರೆ ಹಿಡಿಕೆಯನ್ನೇ ಬಿಟ್ಟು ಕೈಯನ್ನು ಹಿಂದಕ್ಕೆ ಒಯ್ಯಬೇಕಿತ್ತು. ಮುಂದಿನ ಮಾದರಿಯಲ್ಲಿ ಹೆಬ್ಬೆರಳಿನ ಬಳಿಗೆ ತಂದರು. ಇಂಥದ್ದನ್ನು ಕಂಡಾಗ ನನಗೆ ಅಡುಗೆ ಮಾಡದವರು ಕಟ್ಟಿದ ಅಡುಗೆಮನೆ ನೆನಪಾಗುತ್ತದೆ.

ಇನ್ನು ಕೆನ್ನೆಯ ಚುಕ್ಕೆ. ಇಲ್ಲಿ ನಿಧಾನಿಸಿ, ಬುಲ್‌ಪಪ್ಪಿನ ನಿಜವಾದ ಸಂಕಟ ಇರುವುದು ಇಲ್ಲೇ.

ಗುಂಡು ಹಾರಿದ ಮೇಲೆ ಖಾಲಿ ತೋಟಾ ಕೋವಿಯ ಮಗ್ಗುಲಲ್ಲಿರುವ ಕಿಟಕಿಯಿಂದ ಹೊರಗೆ ಸಿಡಿಯುತ್ತದೆ. ಬಿಸಿ ಹಿತ್ತಾಳೆ, ಕಲ್ಲೆಸೆದ ವೇಗ. ಮಾಮೂಲಿ ಕೋವಿಯಲ್ಲಿ ಆ ಕಿಟಕಿ ಮುಖದ ಮುಂದಿರುತ್ತದೆ. ಬುಲ್‌ಪಪ್ಪಿನಲ್ಲಿ ಕೆನ್ನೆಯ ಪಕ್ಕದಲ್ಲೇ. ಬಲಹೆಗಲಿಗೆ ಇಟ್ಟವನ ಮುಖ ಕೋವಿಯ ಎಡಮಗ್ಗುಲಲ್ಲಿರುತ್ತದೆ, ತೋಟಾ ಬಲಕ್ಕೆ ಹಾರುತ್ತದೆ, ತೊಂದರೆಯಿಲ್ಲ. ಎಡಹೆಗಲಿಗೆ ಇಟ್ಟರೆ ಅದೇ ತೋಟಾ ನೇರ ಹಲ್ಲಿಗೆ.

ಕಾಲೇಜಿನಲ್ಲಿ ಎನ್‌ಸಿಸಿ ಶಿಬಿರಕ್ಕೆ ಹೋಗಿದ್ದೆ. ಅಲ್ಲಿದ್ದದ್ದು ಪಾಯಿಂಟ್ ಟೂ ಟೂ ರೈಫಲ್, ಮಾಮೂಲಿ ಆಕಾರದ್ದು, ತೋಟಾವನ್ನು ಒಳಗೆ ತಳ್ಳಿ ಹೊರಗೆಳೆಯುವ ಉಕ್ಕಿನ ತುಂಡು ಬೋಲ್ಟ್, ಅದರ ಹಿಡಿ ಬಲಕ್ಕೆ. ನಾನು ಎಡಹೆಗಲಿಗೆ ಇಟ್ಟುಕೊಂಡು ಮಲಗಿದೊಡನೆ ಕಲಿಸುವವರು ಬೂಟಿನ ತುದಿಯಿಂದ ನನ್ನ ಮೊಣಕೈಯನ್ನು ತಟ್ಟಿ, "ಸರ್ಕಾರ ಎಡಗೈಯವರಿಗೆ ಬೇರೆ ಬಂದೂಕು ಕೊಡುವುದಿಲ್ಲ" ಎಂದರು. ಬಲಕ್ಕೆ ಬದಲಿಸಿದೆ. ಐದು ಗುಂಡಿನಲ್ಲಿ ಒಂದು ಮಾತ್ರ ಕಾಗದಕ್ಕೆ ತಾಗಿತು, ಅದೂ ಪಕ್ಕದವನ ಕಾಗದಕ್ಕೆ. ಆದರೂ ಆ ರೈಫಲ್ಲನ್ನು ಎಡಗೈಯಲ್ಲಿ ಹೇಗೋ ಹೊಡೆಯಬಹುದಿತ್ತು, ಕಷ್ಟ ಅಷ್ಟೇ. ಬ್ರಿಟನ್ ಸೇನೆಯ ಬುಲ್‌ಪಪ್ ಎಲ್85ರಲ್ಲಿ ಅದಕ್ಕೂ ಅವಕಾಶವಿಲ್ಲ. ಕಿಟಕಿ ಬಲಕ್ಕೆ, ಬೋಲ್ಟಿನೊಂದಿಗೆ ಹಿಂದೆ ಮುಂದೆ ಓಡುವ ಹಿಡಿಯೂ ಬಲಕ್ಕೆ. ಅಲ್ಲಿನ ಎಡಚ ಸೈನಿಕರೆಲ್ಲ ಬಲಹೆಗಲಿನಿಂದಲೇ ಹೊಡೆಯಲು ಕಲಿಯಬೇಕು. ಸಿಟ್ಟು ಬರುವ ಮಾತೆಂದರೆ, ಅದರ ಆರಂಭದ ಮಾದರಿಗಳಲ್ಲಿ ಎಡಗೈಯವರಿಗೆಂದೇ ಮಾಡಿದ ರೂಪವೂ ಇತ್ತು. ಮುಂದೆ ಅದನ್ನು ಕೈಬಿಟ್ಟರು.

ಬೇರೆಯವರು ಈ ಗಂಟನ್ನು ಹೇಗೆ ಬಿಡಿಸಿದರೆಂದು ನೋಡುವುದೇ ಒಂದು ಪಾಠ. ಎಯುಜಿಯಲ್ಲಿ ಎಡಕ್ಕೂ ಬಲಕ್ಕೂ ಕಿಟಕಿಯ ಜಾಗವಿದೆ. ಬೇಡದ್ದನ್ನು ಮುಚ್ಚಳದಿಂದ ಮುಚ್ಚಿ, ಎಡಗೈಯ ಬೋಲ್ಟ್ ಹಾಕಿದರೆ ಕೋವಿ ಎಡಚನದಾಗುತ್ತದೆ. ಫ್ರಾನ್ಸಿನ ಫಮಾಸ್‌ನಲ್ಲಿ ತೋಟಾ ಎಳೆಯುವ ಕೊಕ್ಕೆಯ ಬದಿ ಬದಲಿಸಿ, ಕೆನ್ನೆಯ ಆಸರೆಯನ್ನು ತಿರುಗಿಸಿದರೆ ಸಾಕು. ಚಂದದ ಉಪಾಯಗಳೇ. ಆದರೆ ಚಿತ್ರದಲ್ಲಿ ಗೋಡೆಯ ಮೂಲೆಯೊಂದನ್ನು ಬರೆದು ನೋಡಿ. ಗೋಡೆಯ ಎಡ ಅಂಚಿನಿಂದ ಇಣುಕಿ ಹೊಡೆಯುವವನು ಬಲಗೈಯವನಾದರೂ ಕೋವಿಯನ್ನು ಆ ಕ್ಷಣಕ್ಕೆ ಎಡಹೆಗಲಿಗೆ ಬದಲಿಸಬೇಕಾಗುತ್ತದೆ, ಇಲ್ಲವೆಂದರೆ ಅರ್ಧ ಮೈ ಹೊರಗೆ. ಆಗ ಬೋಲ್ಟ್ ಬಿಚ್ಚಿ ಜೋಡಿಸುತ್ತಾ ಕೂರಲಾಗುತ್ತದೆಯೇ? ಬೆಲ್ಜಿಯಂನವರು ಎಫ್2000ದಲ್ಲಿ ಇದಕ್ಕೆ ಬೇರೆಯೇ ಉತ್ತರ ಕೊಟ್ಟರು. ಖಾಲಿ ತೋಟಾವನ್ನು ಒಳಗೇ ಒಂದು ಕೊಳವೆಯಲ್ಲಿ ಮುಂದಕ್ಕೆ ಸಾಗಿಸಿ, ನಳಿಗೆಯ ತುದಿಯ ಕಡೆ ಕೆಳಗೆ ಉದುರಿಸುತ್ತಾರೆ. ಎರಡೂ ಹೆಗಲಿಗೆ ನ್ಯಾಯ. ಬದಲಿಗೆ ಕೋವಿಯ ಮೈ ಊದಿಕೊಂಡು ಮೀನಿನಂತಾಗಿದೆ.

ಕೆನ್ನೆಯ ಅಡಿಯಲ್ಲಿ ಇನ್ನೊಂದು ಸಂಗತಿಯಿದೆ. ತೋಟಾ ಸಿಡಿಯುವ ಕೋಣೆ ಮುಖದ ಪಕ್ಕಕ್ಕೆ ಬಂದಿದೆ. ಏನಾದರೂ ಎಡವಟ್ಟಾಗಿ ಅದು ಒಡೆದರೆ? ಸಿಂಗಾಪುರ 1999ರಲ್ಲಿ ತಂದ ಸಾರ್ 21ರಲ್ಲಿ ಕೆನ್ನೆಯ ಬದಿಗೆ ಕೆವ್ಲಾರ್ ಎಂಬ ಗಟ್ಟಿ ನಾರಿನ ಹಲಗೆ ಕೂರಿಸಿದ್ದಾರೆ. ಹೊರಗಿನಿಂದ ಕಾಣದು, ಆದರೂ ಮಗನನ್ನು ಕಡ್ಡಾಯ ಸೇವೆಗೆ ಕಳಿಸುವ ತಂದೆಯಾಗಿ ಯೋಚಿಸಿದವರು ಮಾಡಿದ ಕೆಲಸ ಅನ್ನಿಸುತ್ತದೆ.

ಕಣ್ಣಿನ ಲೆಕ್ಕ ಬೇಗ ಮುಗಿಯುತ್ತದೆ. ಮೈ ಗಿಡ್ಡವಾದಾಗ ಹಿಂದಿನ ಗುರಿಕಿಂಡಿಗೂ ಮುಂದಿನ ಮೊನೆಗೂ ನಡುವಿನ ದೂರ ಕುಗ್ಗುತ್ತದೆ, ಗುರಿಯಲ್ಲಿ ತಪ್ಪು ಹೆಚ್ಚುತ್ತದೆ. ಆದ್ದರಿಂದಲೇ ಈ ಕೋವಿಗಳ ನೆತ್ತಿಯ ಮೇಲೆ ಬಹಳ ಹಿಂದೆಯೇ ದುರ್ಬೀನು ಬಂದು ಕೂತಿತು. ಎಯುಜಿಯ ಎತ್ತುವ ಹಿಡಿಕೆಯೊಳಗೇ ಒಂದೂವರೆ ಪಟ್ಟು ಹಿಗ್ಗಿಸುವ ಸ್ವಾರೊವ್‌ಸ್ಕಿ ಮಸೂರವಿದೆ. ಅದರಲ್ಲಿ ಕಾಣುವ ಕಪ್ಪು ಉಂಗುರವನ್ನು, 300 ಮೀಟರ್ ದೂರದಲ್ಲಿ ನಿಂತ ಆರಡಿ ಆಳು ಸರಿಯಾಗಿ ತುಂಬುವಂತೆ ಅಳೆದಿದ್ದಾರೆ. ಗುರಿಯೂ ಆಯಿತು, ದೂರ ಅಳೆಯುವ ಪಟ್ಟಿಯೂ ಆಯಿತು.

ಚಿತ್ರ ಓದಿದ್ದು ಸಾಕು, ಈಗ ಕೈಗೆ ಬರಲಿ. ಪ್ಯಾಕಿಂಗಿನ ದಪ್ಪ ರಟ್ಟಿನಲ್ಲಿ 790 ಮಿಲಿಮೀಟರ್ ಉದ್ದದ ಪಕ್ಕನೋಟವನ್ನು ಎರಡು ಪದರ ಕತ್ತರಿಸಿ, ನಡುವೆ ಮೂರು ಬೆರಳು ಅಗಲದ ಪೆಟ್ಟಿಗೆಯಂತೆ ಅಂಟಿಸಿ. ನಳಿಗೆಯ ಬದಲು ಪೊರಕೆ ಕೋಲಿನ 508 ಮಿಲಿಮೀಟರ್ ತುಂಡು. ಎಯುಜಿಯ ಭಾರ ಸುಮಾರು 3.6 ಕಿಲೋ. ಎರಡು ಕಿಲೋ ಅಕ್ಕಿಯ ಚೀಲವನ್ನು ಹಿಂದೆ ಹಿಡಿಯೊಳಗೆ, ಒಂದು ಕಿಲೋ ನಡುವೆ, ಉಳಿದದ್ದನ್ನು ಮುಂದೆ ಇಡಿ. ಕಪ್ಪು ಬಣ್ಣ ಬಳಿಯಬೇಡಿ, ಬೀದಿಗೆ ಒಯ್ಯಬೇಡಿ. ದೂರದಿಂದ ನೋಡಿದ ಪೊಲೀಸರಿಗೆ ಒಳಗಿರುವುದು ಸೋನಾ ಮಸೂರಿ ಎಂದು ಗೊತ್ತಾಗುವುದಿಲ್ಲ. ನಮ್ಮದರ ಮೇಲೆ ಕೊರಿಯರ್ ಪೆಟ್ಟಿಗೆಯ "ನಾಜೂಕು ಸಾಮಾನು" ಎಂಬ ಚೀಟಿ ಹಾಗೆಯೇ ಉಳಿದಿತ್ತು, ಒಳ್ಳೆಯದೇ ಆಯಿತು.

ಇದೇ ನಳಿಗೆ, ಇದೇ ಅಕ್ಕಿ ಹಾಕಿ 986 ಮಿಲಿಮೀಟರಿನ ಇನ್ನೊಂದನ್ನೂ ಮಾಡಿ, ಭಾರವನ್ನು ಮಾತ್ರ ನಡುವಿಗೆ ತನ್ನಿ. ಎರಡನ್ನೂ ಹಿಡಿದು ಬಚ್ಚಲುಮನೆಯ ಬಾಗಿಲು ದಾಟಿ. ಆಮೇಲೆ ಒಂದೇ ಕೈಯಲ್ಲಿ ಹಿಡಿಕೆ ಹಿಡಿದು ಮುಂದಕ್ಕೆ ಚಾಚಿ, ಇನ್ನೊಂದು ಕೈಯಿಂದ ಬಾಗಿಲ ಚಿಲಕ ತೆಗೆಯಿರಿ. ಬುಲ್‌ಪಪ್ಪಿನ ಭಾರ ಹೆಗಲ ಕಡೆಗೆ ಒರಗಿರುವುದರಿಂದ ತೋಳು ನಡುಗುವುದಿಲ್ಲ. ಉದ್ದದ್ದು ಹತ್ತು ಎಣಿಸುವುದರೊಳಗೆ ಮೂಗು ಕೆಳಗೆ ಹಾಕುತ್ತದೆ. ತಂಗಿಯ ಮಗ ಇಲ್ಲಿಯವರೆಗೆ ಬುಲ್‌ಪಪ್ಪಿನ ಭಕ್ತನಾಗಿದ್ದ.

ಮುಂದಿನ ಪರೀಕ್ಷೆ ಮ್ಯಾಗಜೀನಿನದು. ಟೂತ್‌ಪೇಸ್ಟಿನ ಖಾಲಿ ಪೆಟ್ಟಿಗೆಯನ್ನು ರಟ್ಟಿನ ಕೋವಿಯ ಸಿಕ್ಕಿಸುವ ಜಾಗಕ್ಕೆ ಹೊಂದಿಸಿ. ಎದುರಿನ ಗೋಡೆಯ ಗಡಿಯಾರದಿಂದ ಕಣ್ಣು ಕೀಳದೆ ಅದನ್ನು ತೆಗೆದು ಇನ್ನೊಂದನ್ನು ಹಾಕಬೇಕು. ಉದ್ದದ ಕೋವಿಯಲ್ಲಿ ಕೈ ಎದೆಯ ಮುಂದೆ ಆಡುತ್ತದೆ, ಕಣ್ಣಂಚಿಗೆ ಕಾಣುತ್ತದೆ. ಬುಲ್‌ಪಪ್ಪಿನಲ್ಲಿ ಕಂಕುಳಡಿ ತಡಕಬೇಕು, ಬೆನ್ನಿನ ಗುಂಡಿ ಹಾಕಿಕೊಂಡ ಹಾಗೆ. ಮಲಗಿಕೊಂಡು ಮಾಡಿದಾಗ ಅವನು ಪೆಟ್ಟಿಗೆಯನ್ನು ತನ್ನ ಪಕ್ಕೆಗೇ ತಿವಿದುಕೊಂಡ.

ಇಷ್ಟಾದ ಮೇಲೆ ಒಂದು ಕೋವಿ ಹೇಗೆ ಬೆಳೆಯಿತು ಎಂಬುದನ್ನು ಓದಬಹುದು. ಬುಲ್‌ಪಪ್ ಹೊಸದಲ್ಲ. 1901ರಲ್ಲೇ ಥಾರ್ನಿಕ್ರಾಫ್ಟ್ ಎಂಬ ಸ್ಕಾಟ್ಲೆಂಡಿನವನು ಬೋಲ್ಟ್ ಕೋವಿಯೊಂದನ್ನು ಈ ಬಗೆಯಲ್ಲಿ ಮಡಿಸಿದ್ದ. ಬ್ರಿಟಿಷ್ ಸೇನೆ ಒದೆತ ಜಾಸ್ತಿ, ಹಿಡಿಯಲು ಕಷ್ಟ ಎಂದು ಬಿಟ್ಟಿತು. ಎರಡನೆಯ ಮಹಾಯುದ್ಧದ ನಂತರ ಸ್ಟೆಫಾನ್ ಜಾನ್ಸನ್ ಎಂಬ ಪೋಲೆಂಡ್ ಮೂಲದ ಎಂಜಿನಿಯರನ ಮುಂದಾಳತ್ವದಲ್ಲಿ ಎನ್‌ಫೀಲ್ಡ್‌ನಲ್ಲಿ ಇಎಂ-2 ಎಂಬ ಬುಲ್‌ಪಪ್ ಹುಟ್ಟಿತು. ನಳಿಗೆ 623, ಒಟ್ಟು 889. ನಮ್ಮ ಗಣಿತದಲ್ಲಿ ನೂರಕ್ಕೆ 70, ನಾನು ಅಳೆದವುಗಳಲ್ಲಿ ಇದೇ ಮೇಲು. 1951ರಲ್ಲಿ ಬ್ರಿಟನ್ ಇದನ್ನು ಒಪ್ಪಿಕೊಂಡಿತು, ಅದೇ ವರ್ಷ ಚರ್ಚಿಲ್ ಮತ್ತೆ ಅಧಿಕಾರಕ್ಕೆ ಬಂದ ಮೇಲೆ ಕೈಬಿಟ್ಟಿತು. ಕೋವಿಯ ದೋಷ ಕಾರಣವಲ್ಲ. ಅದಕ್ಕೆಂದು ಮಾಡಿದ 7 ಮಿಲಿಮೀಟರಿನ ಹದವಾದ ತೋಟಾ ಅಮೆರಿಕಕ್ಕೆ ಒಪ್ಪಿಗೆಯಾಗಲಿಲ್ಲ. ಮಿತ್ರರಾಷ್ಟ್ರಗಳೆಲ್ಲ ಒಂದೇ ತೋಟಾ ಬಳಸಬೇಕೆಂದಾಗ ದೊಡ್ಡ ತೋಟಾವೇ ಗೆದ್ದಿತು. ಬ್ರಿಟನ್ ಎಸ್‌ಎಲ್‌ಆರ್ ಎಂಬ ಮಾಮೂಲಿ ಆಕಾರದ ಉದ್ದದ ಕೋವಿ ಹಿಡಿಯಿತು. ಅದೇ ವಂಶದ 1ಎ1 ನಮ್ಮ ಇಷಾಪುರದ ಕೋವಿ ಕಾರ್ಖಾನೆಯಲ್ಲೂ ತಯಾರಾಗಿ ಬಹುಕಾಲ ನಮ್ಮ ಜವಾನರ ಹೆಗಲೇರಿತು.

ಎಲ್85 ಮಾತ್ರ ವಿನ್ಯಾಸ ಶಾಲೆಗಳಲ್ಲಿ ಪಾಠವಾಗಿಡಬೇಕಾದ ಪ್ರಕರಣ. ಒಳಗಿನ ಯಂತ್ರಕ್ಕೆ ಅಮೆರಿಕದ ಎಆರ್-18 ಎಂಬ ಮಾಮೂಲಿ ಆಕಾರದ ಕೋವಿಯೇ ಬುನಾದಿ. ಅದನ್ನು ಬುಲ್‌ಪಪ್ಪಿನ ಮೈಯೊಳಗೆ ಕೂರಿಸಿದರು. ಮೊದಲು 4.85 ಮಿಲಿಮೀಟರಿನ ತೋಟಾಕ್ಕೆ ರೂಪಿಸಿದ್ದರು, ನ್ಯಾಟೋ 5.56 ಅನ್ನು ಆರಿಸಿದ ಮೇಲೆ ಬದಲಿಸಿದರು. 1985ರಲ್ಲಿ ಸೇನೆಗೆ ಬಂತು. ಎನ್‌ಫೀಲ್ಡ್‌ನ ಕಾರ್ಖಾನೆ ಖಾಸಗಿಯವರ ಪಾಲಾಗಿ 1988ರಲ್ಲಿ ಮುಚ್ಚಿತು, ತಯಾರಿಕೆ ನಾಟಿಂಗ್‌ಹ್ಯಾಮ್‌ಗೆ ಹೋಯಿತು. ಕಾರ್ಖಾನೆ ಊರು ಬದಲಿಸಿದಾಗ ಹಳೆಯ ಕೆಲಸಗಾರರ ಕೈಯ ಅರಿವು ಲಾರಿಯಲ್ಲಿ ಬರುವುದಿಲ್ಲ. ಪೀಣ್ಯದ ಯಾರನ್ನು ಕೇಳಿದರೂ ಹೇಳುತ್ತಾರೆ. 1991ರ ಕೊಲ್ಲಿ ಯುದ್ಧದ ಮರಳಿನಲ್ಲಿ ಕೋವಿ ಸಿಕ್ಕಿಬೀಳತೊಡಗಿತು. ಸೊಳ್ಳೆ ಓಡಿಸುವ ಎಣ್ಣೆ ತಾಗಿದರೆ ಪ್ಲಾಸ್ಟಿಕ್ ಕರಗುತ್ತಿತ್ತು.

ನನಗೆ ಅತ್ಯಂತ ಇಷ್ಟವಾದ ದೋಷ ಮ್ಯಾಗಜೀನು ಬಿಡಿಸುವ ಗುಂಡಿಯದು. ಎಡಮಗ್ಗುಲಲ್ಲಿ ಉಬ್ಬಿಕೊಂಡಿತ್ತು. ಕೋವಿಯನ್ನು ಕೊರಳಪಟ್ಟಿಯಲ್ಲಿ ಎದೆಗೆ ತೂಗುಹಾಕಿಕೊಂಡು ಓಡಿದರೆ ಗುಂಡಿ ಎದೆಗೆ ಒತ್ತಿ ಮ್ಯಾಗಜೀನು ಕಳಚಿ ಬೀಳುತ್ತಿತ್ತು. ನಕ್ಷೆಯ ಹಲಗೆಯ ಮೇಲೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ನಕ್ಷೆಗೆ ಎದೆ ಇಲ್ಲ. ಕೊನೆಗೆ ಗುಂಡಿಯ ಸುತ್ತ ಒಂದು ಸಣ್ಣ ಬೇಲಿ ಕಟ್ಟಿದರು. ನಿಮ್ಮ ರಟ್ಟಿನ ಕೋವಿಗೂ ಎಡಕ್ಕೊಂದು ಪೆನ್ನಿನ ಮುಚ್ಚಳ ಅಂಟಿಸಿ, ಹಗ್ಗದಿಂದ ಎದೆಗೆ ತೂಗುಹಾಕಿಕೊಂಡು ಮೆಟ್ಟಿಲಿಳಿಯಿರಿ, ಗೊತ್ತಾಗುತ್ತದೆ. ಮುಂದೆ ಜರ್ಮನಿಯ ಹೆಕ್ಲರ್ ಆಂಡ್ ಕಾಕ್ ಸಂಸ್ಥೆ ಸುಮಾರು ಎರಡು ಲಕ್ಷ ಕೋವಿಗಳ ಒಳಗನ್ನು ಬದಲಿಸಿ 2000ದ ದಶಕದ ಆರಂಭದಲ್ಲಿ ಎ2 ಎಂಬ ಸುಧಾರಿತ ರೂಪ ಮಾಡಿಕೊಟ್ಟಿತು. ಎ1 ಮತ್ತು ಎ2 ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಬೋಲ್ಟಿನ ಹಿಡಿಯನ್ನು ಹೋಲಿಸಿ. ಹಳೆಯದು ನೇರ ಗೂಟ, ಹೊಸದು ಅಲ್ಪವಿರಾಮ ಚಿಹ್ನೆಯಂತೆ ಬಾಗಿದೆ. ಖಾಲಿ ತೋಟಾ ಅದಕ್ಕೆ ತಾಗಿ ಮತ್ತೆ ಒಳಗೆ ಬೀಳದೆ ಹೊರಗೆ ಜಾರಲೆಂದು. ಹದಿನೈದು ವರ್ಷದ ಬೈಗುಳ ಒಂದು ಬಾಗಿನಲ್ಲಿದೆ.

ಈಚೆಗೆ ಹಲವರು ಈ ಆಕಾರವನ್ನು ಬಿಡುತ್ತಿದ್ದಾರೆ. ನ್ಯೂಜಿಲೆಂಡ್ ಸ್ಟೈರ್ ಬಿಟ್ಟಿತು, ಫ್ರಾನ್ಸ್ 2017ರಿಂದ ಫಮಾಸ್ ಜಾಗಕ್ಕೆ ಮಾಮೂಲಿ ಆಕಾರದ ಎಚ್‌ಕೆ416 ಕೋವಿ ತಂದಿತು, ಚೀನಾ 2019ರ ಮೆರವಣಿಗೆಯಲ್ಲಿ ಮಾಮೂಲಿ ಆಕಾರದ ಹೊಸ ಕೋವಿಯನ್ನು ತೋರಿಸಿತು. ಏಕೆಂಬುದನ್ನೂ ಅಳತೆಪಟ್ಟಿಯಲ್ಲೇ ಹುಡುಕಬಹುದು. ಅಮೆರಿಕದ ಎಂ4ರ ಹಿಂಬದಿಯನ್ನು ಒಳಕ್ಕೆ ತಳ್ಳಿದರೆ ಒಟ್ಟು ಉದ್ದ 757 ಮಿಲಿಮೀಟರ್. ಫಮಾಸ್‌ನದೂ 757. ಬಾಗಿಲು ದಾಟುವುದರಲ್ಲಿ ಇಬ್ಬರೂ ಸಮ. ಎಂ4ರ ನಳಿಗೆ 368, ಫಮಾಸ್‌ನದು 488. ಅಲ್ಲಿ ಅಮೆರಿಕದವರು ನಾಲ್ಕು ಬೆರಳಿಗಿಂತ ಹೆಚ್ಚು ಬಿಟ್ಟುಕೊಟ್ಟಿದ್ದಾರೆ. ಬದಲಿಗೆ ಹಿಂಬದಿ ಎಳೆದಷ್ಟು ಉದ್ದ, ತಳ್ಳಿದಷ್ಟು ಗಿಡ್ಡ. ದಪ್ಪ ಕವಚ ತೊಟ್ಟವನಿಗೂ ಗಿಡ್ಡ ತೋಳಿನವಳಿಗೂ ಹೊಂದುತ್ತದೆ. ಬುಲ್‌ಪಪ್ಪಿನ ಹಿಂಬದಿಯಲ್ಲಿ ಯಂತ್ರ ಸಂಸಾರ ಹೂಡಿರುವುದರಿಂದ ತಳ್ಳಲು ಜಾಗವೇ ಇಲ್ಲ.

ತಂಗಿಯ ಮಗ ಎರಡು ರಟ್ಟಿನ ಕೋವಿಗಳನ್ನೂ ಕಾಲೇಜಿಗೆ ಒಯ್ಯಲು ಬಿಚ್ಚಿ ಚಪ್ಪಟೆ ಮಾಡುತ್ತಿದ್ದಾಗ, ಬುಲ್‌ಪಪ್ಪಿನ ಕಿಟಕಿಯನ್ನು ನಾನು ಎಡಕ್ಕೆ ಕೊರೆದಿದ್ದೇನೆಂದು ಕಂಡುಕೊಂಡ. ಬಲಕ್ಕೆ ಬದಲಿಸಬೇಕೇ ಎಂದು ಕೇಳಿದ. ಹಾಗೆಯೇ ಇರಲಿ ಎಂದೆ. ಅಕ್ಕಿಯನ್ನು ತಂಗಿ ಆಗಲೇ ವಾಪಸು ಡಬ್ಬಿಗೆ ಸುರಿದಿದ್ದಳು.